ಚೀಲದೊಳಗಿನ ಉಂಡೆ

ಪಶು ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಬೆಕ್ಕಿನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲೊಬ್ಬ ಹುಡುಗಪ್ರಾಯದವನು, ಅವನ ಕಾಲ ಬಳಿ ಗೋಣಿಚೀಲ. ಅಷ್ಟರಲ್ಲಿ ಹೆಲ್ಮೆಟ್ ಹಿಡಿದವನೊಬ್ಬ ದಡಬಡನೆ ಬಂದು ನಮ್ಮಿಬ್ಬರ ನಡುವೆ ಕೂತ.

“ಔಷಧಿ ತಗೊಂಡು ಬಾ ಅಂದ್ರೆ ಇದನ್ನೇ ಹೊತ್ಕೊಂಡು ಬಂದಿದ್ಯಲ್ಲೋ! ತಲೆ ನೆಟ್ಟಗಿದ್ಯಾ?”

“ಭಾವ, ಮೂರು ದಿನದಿಂದ ಏನೂ ತಿಂದಿಲ್ಲ ಅದು.”

“ಹಾಲು ಇಟ್ಯಾ?”

“ಹಾಲು, ಅನ್ನ ಎಲ್ಲಾ ಇಟ್ಟೆ. ಚಿಪ್ಪುಹಂದಿಗಳು ಇರುವೆ, ಗೆದ್ದಲು ಬಿಟ್ಟು ಏನೂ ಮುಟ್ಟಲ್ವಂತೆ.”

“ಮೆಲ್ಲಗೆ! ನಾಳೆ ಕೊಳ್ಳೋರು ಬಂದು ಒಯ್ಯೋವರೆಗೆ ಉಸಿರಾಡ್ತಿದ್ರೆ ಸಾಕು. ನಾಯಿಗೆ ಸುಸ್ತು ಅಂತ ಹೇಳಿ ಏನಾದ್ರೂ ಬರೆಸ್ಕೊಂಡು ಬಾ.”

“ಉಂಡೆ ಸುತ್ಕೊಂಡಿದೆ ಭಾವ, ಬಿಡ್ತಾನೇ ಇಲ್ಲ. ಹೊಟ್ಟೆ ಹತ್ರ ಮರಿ ಇದೆ.”

“ಒಳ್ಳೇದೇ ಆಯ್ತಲ್ಲ. ಒಂದಕ್ಕೆ ಎರಡು.”

ಒಳಗಿನಿಂದ ಕಾಂಪೌಂಡರ್ ಕೂಗಿದ: “ಮುಂದಿನವರು ಬನ್ನಿ!”

ಕಿರಿಯವನು ಚೀಲ ಎತ್ತಿಕೊಂಡ.

“ಅದನ್ನ ಇಲ್ಲೇ ಇಡೋ! ನಾನು ಜೈಲಿಗೆ ಹೋದ್ರೆ ನಿಮ್ಮಕ್ಕನ ಗತಿ ಏನು?”

“ಡಾಕ್ಟ್ರಿಗೆ ಬಿಚ್ಚಿ ತೋರಿಸು ಅಂತ ಕಳಿಸಿದ್ದೇ ಅಕ್ಕ.”

ಅವನು ಚೀಲವನ್ನು ಎದೆಗವಚಿಕೊಂಡು ಒಳಗೆ ಹೋದ. ಭಾವ ಬೀದಿಯತ್ತ ಸರಸರನೆ ನಡೆದ. ಹೆಲ್ಮೆಟ್ ಬೆಂಚಿನ ಮೇಲೆಯೇ ಉಳಿಯಿತು.