ಬಲಗೈಯ ಗೆಲುವು

ತಾಯಂದಿರೆ, ಅಪ್ಪಂದಿರೆ, ಒಂದೂರಲ್ಲಿ ದಿನಕ್ಕೆ ಹತ್ತು ಮಂದಿಗೆ ಉಣ್ಣಿಸುವಂಥ ಒಬ್ಬ ಸಾಹುಕಾರ ಇದ್ದ. ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಹತ್ತು ಮಂದಿಗೆ ಉಣ್ಣಿಸಿದವನಿಗೆ ಈಗ ಹೆಂಡತಿಯೇ ತುತ್ತು ಮಾಡಿ ಬಾಯಿಗಿಡಬೇಕು. ಡಾಕ್ಟರು ಹೇಳಿದರು, "ದಿನಾ ಮೂರು ಹೊತ್ತು ಬೆರಳು ಆಡಿಸಿ. ಬಿಟ್ಟರೆ ಕೈ ಸೆಟೆದು ಹೋಗುತ್ತದೆ."

ಆಡಿಸಿದನೇ? ಆಡಿಸಿದ. ಎಡಗೈಯಲ್ಲಿ ಮೊಬೈಲು ಆಡಿಸಿದ! ಬಣ್ಣದ ಗೋಲಿ ಹೊಂದಿಸುವ ಆಟ. ನೋಡಿ, ಆ ಆಟದ ಗುಣ ಎಂಥದು. ಮೂರು ಗೋಲಿ ಕೂಡಿದರೆ ಸಾಕು, ಟಣ್ ಟಣಾ ಟಣ್ ಅಂತ ವಾದ್ಯ, ಮೇಲೆ ಹೂಮಳೆ. ಬಲಗೈಯೋ, ಇಡೀ ದಿನ ತಿಣುಕಿದರೂ ಕೂದಲೆಳೆಯಷ್ಟು ಅಲುಗುತ್ತದೆ. ಅದಕ್ಕೆ ಯಾರು ವಾದ್ಯ ಬಾರಿಸುತ್ತಾರೆ? ಮನಸ್ಸು ವಾದ್ಯ ಇದ್ದ ಕಡೆಗೇ ಓಡಿತು. ಓಡದೆ ಏನು ಮಾಡೀತು?

ಅಷ್ಟೇ ಆಗಿದ್ದರೆ ಬಿಡಿ. ಆಟ ಸೋತ ದಿನ ಸಾರಿಗೆ ಉಪ್ಪಿಲ್ಲ ಅನ್ನುವನು. ಗೆದ್ದ ದಿನ ಅದೇ ಸಾರು ಅಮೃತ. ಸಾರು ಬದಲಾಗಿತ್ತೇ?

ಒಂದು ಮಧ್ಯಾಹ್ನ ಸೋತ ಸಿಟ್ಟಿಗೆ ಎಡಗೈಯಿಂದ ತಾಟು ನೂಕಿದ. ಅನ್ನ ಚೆಲ್ಲಿತು. ಆ ರಭಸಕ್ಕೆ ಬಲಗೈಯ ಹೆಬ್ಬೆರಳು ತುಸು ಮೇಲೆದ್ದು ಬಿತ್ತು. ಹೆಂಡತಿ ಅನ್ನ ನೋಡಲಿಲ್ಲ, ಬೆರಳು ನೋಡಿದಳು. ಬಾಯಲ್ಲೇ ಬಾರಿಸಿದಳು, "ಟಣ್ ಟಣಾ ಟಣ್!"

"ಹುಚ್ಚು ಹಿಡೀತೇನ ನಿನಗ?"

"ನಿಮ್ಮ ಹೆಬ್ಬೆರಳು ಎದ್ದೈತ್ರಿ! ಇನ್ನೊಮ್ಮೆ ಎತ್ತರಿ ನೋಡೋಣ."

"ನಾನೇನ ಕೂಸೇನ?"

"ಮೊಬೈಲಿನ್ಯಾಗ ಗೋಲಿ ಕೂಡಿದ್ರ ಕೂಸಿನಂಗ ಕುಣೀತೀರಲ್ಲ, ಇದಕ್ಕೂ ಕುಣೀರಿ!"

ಅವನಿಗೆ ನಗು ಬಂತು. ನಗುತ್ತಲೇ ಎತ್ತಿದ. ಅಂದಿನಿಂದ ಬೆರಳು ಅಲುಗಿದಾಗೆಲ್ಲ ಅವಳ ವಾದ್ಯ. "ಈ ವಯಸ್ಸಿನಾಗ ಏನವ್ವ ನಿಮ್ಮನಿ ಓಲಗ!" ಅಂತ ಪಕ್ಕದ ಮನೆಯವರು ನಕ್ಕರು. ನಗಲಿ ಬಿಡಿ. ಅವನೂ ಆಟದ ಮೊಬೈಲು ಗೋಡೆಯ ಗೂಡಿನಲ್ಲಿಟ್ಟು, ಆ ವಾದ್ಯಕ್ಕಾಗಿ ಬೆರಳು ಎತ್ತಿದ.

ನಾಲ್ಕು ತಿಂಗಳಾಯಿತು. ಒಂದು ಮುಂಜಾನೆ ಬಲಗೈಯಿಂದ ರೊಟ್ಟಿ ಮುರಿದ, ಪಲ್ಯಕ್ಕೆ ಒತ್ತಿದ, ಎತ್ತಿದ. ಅರ್ಧ ಧೋತರದ ಮೇಲೆ ಬಿತ್ತು. ಇನ್ನರ್ಧ ಬಾಯಿ ಮುಟ್ಟಿತು. ಉಂಡ! ತನ್ನ ಕೈಯಿಂದ ತಾನೇ ಉಂಡ! ಇನ್ನೊಂದು ತುತ್ತು ಮಾಡಿ ಹೆಂಡತಿಯ ಬಾಯಿಗಿಟ್ಟ. ಅವಳಿಗೆ ವಾದ್ಯ ಬಾರಿಸಲು ಬಾಯಿ ಖಾಲಿ ಇರಲಿಲ್ಲ.

ಈಗ ನಿಮ್ಮನ್ನೇ ಕೇಳುತ್ತೇನೆ. ಆಟ ಬಿಡಿ ಅಂದರೆ ಬಿಡುವವರೇ ನೀವು? ಈಗಲೂ ಕೆಲವರ ಕೈ ಜೇಬಿನೊಳಗೇ ಇದೆ! ಸೋತ ಮೋರೆ ಹೊತ್ತು ಅಡಿಗೆಮನೆಗೆ ಹೋಗಬೇಡಿ, ಮುಖ ತೊಳೆದು ಹೋಗಿ. ಗೆದ್ದ ಹುರುಪು ತಣ್ಣಗಾಗುವ ಮುಂಚೆ ಎದ್ದು, ವಾರಗಟ್ಟಲೆ ಮುಂದೂಡಿದ ಒಂದು ಕೆಲಸಕ್ಕೆ ಕೈಹಾಕಿ. ಮನೆಯಲ್ಲಿ ಯಾರೇ ಬೆರಳಷ್ಟು ಮುಂದೆ ಹೋದರೂ "ನೀನು ಗೆದ್ದೆ" ಅಂತ ಬಾಯಿಬಿಟ್ಟು ಹೇಳಿ. ಮನೆ ಮುಟ್ಟುವ ತನಕ ಯಾಕೆ? ನಿಮ್ಮವರು ಪಕ್ಕದಲ್ಲೇ ಕೂತಿದ್ದಾರಲ್ಲ. ಹೂಂ, ತಿರುಗಿ. ಹೇಳಿ. ನಾನು ಕಾಯುತ್ತೇನೆ.