ಬಾಗಿಲಲ್ಲಿ ನಿಂತವನು

…ಇಲ್ಲ ಕಣೋ ಕ್ರೆಸ್ಟನ್, ನಂಬು. ಡೆನ್ಮಾರ್ಕಿನ ದೊರೆ ಊಟಕ್ಕೆ ಕೂತರೆ ಎದುರಿಗೆ ಕಾಣೋದು ನನ್ನ ಮುಖಾನೇ. ಹೂಂ, ಸರಿ, ಸುಳ್ಳು. ದೊರೆಯ ಅರಮನೇಲಿಲ್ಲ, ಈ ಕಾಫಿ ಅಂಗಡಿಯ ಗೋಡೆ ಮೇಲಿದೆ. ನೋಡು ಬಾ.

ಮೂವತ್ತು ವರ್ಷ ಹಡಗಲ್ಲಿ ಅಲೆದು ನಿನ್ನೆ ಬಂದವನು ನೀನು, ನಿನಗೆಲ್ಲಿ ಗೊತ್ತು. ಬೇಸಿಗೆ ರಜೇಲಿ ಒಬ್ಬ ಚಿತ್ರಗಾರ ಬಂದು, ಶಾಲೆ ಬೀಗ ತೆಗೆಸಿ, ಕಲ್ಲುಸಕ್ಕರೆ ಆಸೆ ತೋರಿಸಿ ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿದ್ದನಲ್ಲ, ಅದೇ ಚಿತ್ರ. ಈಗ ಅಚ್ಚಾಗಿ ಮನೆಮನೇಲೂ ಇದೆ. ನಿನ್ನ ಮರದ ಬೂಟಿನಲ್ಲಿ ಏಡಿ. ನೀನು ಅಳ್ತಿದ್ದೀಯ, ತರಗತಿಯೆಲ್ಲ ನಗ್ತಿದೆ. ಮೇಷ್ಟರು ಕನ್ನಡಕ ಹುಡುಕ್ತಿದ್ದಾರೆ, ಅದು ಹಣೆ ಮೇಲೇ ಇದೆ. ಕಂಡೋರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಾರೆ. ನೀನ್ಯಾಕೋ ನಗ್ತಿಲ್ಲ?

ಏಡಿ ಸತ್ತಿತ್ತು, ನಿನಗೆ ಅಳು ಎಲ್ಲಿಂದ ಬರಬೇಕು. ಮೂರು ದಿನ ಚಿತ್ರಗಾರ ಅಳು ಅಂತ ಗೋಗರೆದ. ನಾಲ್ಕನೇ ದಿನ ನಾನು ಬಾಗಿಲಲ್ಲಿ ನಿಂತು ಕೂಗಿದೆ, ನಿಮ್ಮಪ್ಪನ ದೋಣಿ ಮಗುಚಿತು ಅಂತ. ಆಹಾ, ನೀನು ಅತ್ತೆ ನೋಡು… ಅವನು ‘ಹಾಗೇ ಇರು, ಅಲುಗಬೇಡ’ ಅಂದ. ‘ತಮಾಷೆಗಂದೆ, ಕೂತ್ಕೊಳ್ಳೋ’ ಅಂದೆ ನಾನು. ಬಿಕ್ಕುತ್ತಾ ಕೂತೆ ನೀನು.

ಸಂಜೆ ದಂಡೇಲಿ ನಿಮ್ಮಪ್ಪನ ಹೆಣ ಸಿಕ್ಕಿತು, ಅಂದದ್ದೇ ನಿಜವಾಗಿತ್ತು. ಅವತ್ತಿಂದ ನನ್ನದು ಅಪಶಕುನದ ಬಾಯಿ. ಯಾರೂ ದೋಣಿ ಹತ್ತಿಸಲಿಲ್ಲ, ಯಾರೂ ಹೆಣ್ಣು ಕೊಡಲಿಲ್ಲ. ನೀನೊಬ್ಬನೇ ನನ್ನನ್ನು ದೂರದೆ ಇದ್ದವನು. ಅದಕ್ಕೇ ಕೇಳ್ತಿದ್ದೀನಿ, ನನ್ನ ಮನೇಲೇ ಇದ್ದುಬಿಡು. ಇನ್ನೊಂದು ಮಂಚ ಇದೆ. ಅದರ ಮೇಲೆ ಇದುವರೆಗೆ ಬೆಕ್ಕು ಬಿಟ್ಟು ಯಾರೂ ಮಲಗಿಲ್ಲ.

ಏನದು, ಚಿತ್ರಕ್ಕೆ ಮೂಗು ತಾಗಿಸಿ ನೋಡ್ತಿದ್ದೀಯ? ಬಾಗಿಲಲ್ಲಿರೋದು ನಾನೇ. ಬೆರಳು ಯಾಕೆ ಅಲ್ಲಿಟ್ಟೆ? ಹೌದು, ಚಲ್ಲಣ ಮೊಣಕಾಲವರೆಗೂ ಒದ್ದೆ. ಆ ಪುಣ್ಯಾತ್ಮ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಮಳೆ ಬಂದಿತ್ತು… ಕಿಟಕೀಲಿ ಬಿಸಿಲಿದೆ, ಕಾಣ್ತಿದೆ ನನಗೂ. ಬಯ್ಯಿ. ಹೀಗೆ ನೋಡಬೇಡ.

ದಂಡೆಯಿಂದ ಓಡಿ ಬಂದಿದ್ದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ, ನಿಮ್ಮಪ್ಪ ತೆವಳಿಕೊಂಡು ನೀರಂಚಿಗೆ ಬಂದು ಬಿದ್ದಿದ್ದ. ಹೇಳೋಕೇ ಬಂದೆ, ಹೇಳಿದೆ. ಅಷ್ಟರಲ್ಲಿ ಚಿತ್ರಗಾರ ಸಕ್ಕರೆ ಡಬ್ಬೀನೇ ನನ್ನ ಕೈಗಿಟ್ಟ, ಇನ್ನೊಂದು ಗಳಿಗೆ ಇವನನ್ನು ಕೂರಿಸು ಅಂತ. ಒಂದೇ ಗಳಿಗೆ ಅಂದ್ಕೊಂಡೆ… ಆಗ ನನಗೆ ಒಂಬತ್ತೇ ವರ್ಷ ವಯಸ್ಸು.

ನಿಮ್ಮಪ್ಪನಿಗೆ ಇನ್ನೂ ಮಾತಿತ್ತು, ಕ್ರೆಸ್ಟನ್. ನಿನ್ನನ್ನ ಕರ್ಕೊಂಡು ಬಾ ಅಂದಿದ್ದ.