ಒಂದೂಮುಕ್ಕಾಲಿಗೆ ಸಿಗದ ಪೆಟ್ಟಿಗೆ

ಬಾವಿ ಹತ್ತಿರ ಬಂದಾಗ ರಾತ್ರಿ ಹನ್ನೆರಡು ದಾಟಿತ್ತು. ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ ಹಳೇ ಬಾವಿ. ಒಳಗೆ ನೀರಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತೊಟ್... ತೊಟ್... ಅಂತ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ತೊಟ್. "ನಿನ್ನದೊಂದು ಕಡಿಮೆ ಇತ್ತು ನೋಡು" ಅಂತ ಬಾವಿಗೇ ಬೈದು, ಹೆಗಲ ಚೀಲ ಸರಿ ಮಾಡಿಕೊಂಡು ಅವನು ಮುಂದೆ ನಡೆದ.

ನಗಬೇಡಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಹಿಂದಿನ ಬೀದಿಯ ಇಕ್ಕಳನಿಗೆ ಆದದ್ದು.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಕರೆದರೆ ಅವನೇ ತಿರುಗಿ ನೋಡಲ್ಲ. ಸೊಂಟಕ್ಕೆ ಸದಾ ಇಕ್ಕಳ ಸಿಕ್ಕಿಸಿಕೊಂಡಿರೋನು, ಅದಕ್ಕೇ ಆ ಹೆಸರು. ಮನೆಮನೆಗೆ ಇಂಟರ್ನೆಟ್ ವೈರ್ ಎಳೆಯೋದು, ವೈಫೈ ಕೂರಿಸೋದು, ಕೆಟ್ಟರೆ ಸರಿ ಮಾಡೋದು ಅವನ ಕಸುಬು. ಕೆಲಸದಲ್ಲಿ ಎತ್ತಿದ ಕೈ. ಆದರೆ ಸಿಟ್ಟು ಅಂತ ಒಂದು ಹಿಡಿದರೆ ಮುಗೀತು... ಬಿಡೋ ಮಾತೇ ಇಲ್ಲ.

ಅವತ್ತು ಅವನು ತನ್ನ ಮನೆ ದಾರಿ ಬಿಟ್ಟು ಅಣ್ಣನ ಮನೆಗೆ ಹೊರಟಿದ್ದ. ಅಣ್ಣ ಸತ್ತು ಮೂರು ತಿಂಗಳಾಗಿತ್ತು. ಅತ್ತಿಗೆ ಫೋನ್ ಮಾಡಿದ್ದಳು.

"ರಾತ್ರಿ ಒಂದೂಮುಕ್ಕಾಲಾದರೆ ಪೆಟ್ಟಿಗೆ ಸಿಗಲ್ಲ ಕಣೋ. ಒಂದು ಗಂಟೆ ಹಾಗೇ. ಆಮೇಲೆ ತಾನಾಗೇ ಬರುತ್ತೆ. ದಿನಾ."

ಪೆಟ್ಟಿಗೆ ಅಂದರೆ ಏನು ಅಂತ ಹೇಳಿಬಿಡ್ತೀನಿ. ಅಣ್ಣ ವಿಡಿಯೋ ತೆಗೆಯೋ ಕೆಲಸದವನು. ಮೂವತ್ತು ವರ್ಷ ತೆಗೆದದ್ದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರಿಗೆ ತುಂಬಿ ಟಿವಿ ಕೆಳಗೆ ಇಟ್ಟಿದ್ದ. ಮನೆಯ ವೈಫೈ ಇದ್ದರೆ ಸಾಕು, ಟಿವಿಯಲ್ಲೋ ಫೋನಿನಲ್ಲೋ ಯಾವ ರೂಮಿನಲ್ಲಿ ಕೂತಾದರೂ ನೋಡಬಹುದು. ಅದನ್ನು ಕೂರಿಸಿಕೊಟ್ಟವನೂ ಇಕ್ಕಳನೇ, ಅಣ್ಣ ತಮ್ಮ ಚೆನ್ನಾಗಿದ್ದ ಕಾಲದಲ್ಲಿ. ಈಗ ಅತ್ತಿಗೆಗೆ ನಿದ್ದೆ ಹತ್ತಲ್ಲ. ನಡುರಾತ್ರಿ ಎದ್ದು ಕೂತು ಹಳೇ ವಿಡಿಯೋ ಹಾಕ್ತಾಳೆ. ಗಂಡನ ಮುಖ ಅದರಲ್ಲಿ ಇರಲ್ಲ, ಅವನು ಕ್ಯಾಮೆರಾ ಹಿಂದೆ ಇದ್ದವನು. "ಸ್ವಲ್ಪ ನಗಿ... ಈ ಕಡೆ ನೋಡಿ" ಅನ್ನೋ ಧ್ವನಿ ಇದೆಯಲ್ಲ, ಅವಳಿಗೆ ಅಷ್ಟೇ ಸಾಕು.

ಇಕ್ಕಳ ಹೋದದ್ದು ಅತ್ತಿಗೆ ಮೇಲಿನ ಮರುಕಕ್ಕಲ್ಲ. ಆ ಪೆಟ್ಟಿಗೆಯಲ್ಲಿ ಅಮ್ಮನ ಕೊನೇ ದಿನದ ವಿಡಿಯೋ ಇತ್ತು. ಅವನಿಗೆ ಅದು ಬೇಕಿತ್ತು. ಚೀಲದಲ್ಲಿ ಅದಕ್ಕೇ ಅಂತ ಒಂದು ಖಾಲಿ ಡಿಸ್ಕ್ ಇಟ್ಟುಕೊಂಡಿದ್ದ.

ಆ ಜಗಳ ಇಡೀ ಬೀದಿಗೆ ಗೊತ್ತು. ಮೂರು ವರ್ಷದ ಹಿಂದೆ ಅಮ್ಮ ಮಧ್ಯಾಹ್ನ ಹೋದಳು. ಇವನಿಗೆ ಗೊತ್ತಾದದ್ದು ಸಂಜೆ, ಅತ್ತಿಗೆ ಡ್ಯೂಟಿ ಮುಗಿಸಿ ಮನೆಗೆ ಬಂದು ಫೋನ್ ಮಾಡಿದ ಮೇಲೆ. ಓಡಿ ಬರೋಷ್ಟರಲ್ಲಿ ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿತ್ತು. "ಯಾಕೆ ಹೇಳಲಿಲ್ಲ?" ಅಂತ ಅಣ್ಣನ ಅಂಗಿ ಹಿಡಿದ. ಅಣ್ಣ, "ಬೆಳಿಗ್ಗೆಯಿಂದ ಮಾಡ್ತಾನೇ ಇದ್ದೆ ಕಣೋ" ಅಂದ. ಇವನು ತನ್ನ ಫೋನ್ ತೆಗೆದು ಬಂದವರಿಗೆಲ್ಲ ತೋರಿಸಿದ. "ನೋಡಿ! ಒಂದು ಮಿಸ್ಡ್ ಕಾಲ್ ಇದೆಯಾ? ಹೆಣದ ಮುಂದೆ ಸುಳ್ಳು ಹೇಳ್ತಾನೆ, ನಾಚಿಕೆ ಇಲ್ಲದವನು!" ಎಲ್ಲರೂ ಫೋನ್ ನೋಡಿದರು. ಅಣ್ಣ ತನ್ನ ಫೋನ್ ತೆಗೆದು ತೋರಿಸೋಕೂ ಹೋಗದೆ ತಲೆ ತಗ್ಗಿಸಿದ. ಅಲ್ಲಿಗೆ ಮಾತು ನಿಂತದ್ದು, ಮತ್ತೆ ಶುರುವಾಗಲೇ ಇಲ್ಲ.

ಸರಿ. ಅತ್ತಿಗೆ ಬಾಗಿಲು ತೆಗೆದಳು. ತುಟಿಯ ಮೇಲೆ ಬೆರಳು.

"ಮೆಲ್ಲಗೆ. ಮಗಳು ಈಗ ಮಲಗಿದಾಳೆ."

"ಮೇಲಿನ ರೂಮು?"

"ಬೀಗ ಹಾಕಿದೀನಿ." ಅಣ್ಣ ಕೊನೇ ನಲವತ್ತು ದಿನ ಮಲಗಿದ್ದ ರೂಮು ಅದು.

ಇಕ್ಕಳ ಟಿವಿ ಮುಂದೆ ನೆಲದ ಮೇಲೆ ಕೂತ. ರೋಗ ಬಂದ ಹೊತ್ತಿಗೇ ನಾಡಿ ಹಿಡಿಯಬೇಕು, ಹಗಲು ಹೊತ್ತು ನೋಡಿ ಪ್ರಯೋಜನ ಇಲ್ಲ. ವೈರಿನ ತುದಿ ಕತ್ತರಿಸಿ ಹೊಸದು ಹಾಕಿದ. ಇಕ್ಕಳ ಕಟ್ ಅಂತು. ವೈಫೈ ಡಬ್ಬಿಯ ಹಿಂದೆ ಬೇರೆ ತೂತಿಗೆ ಚುಚ್ಚಿದ. ಪೆಟ್ಟಿಗೆಯೊಳಗೆ ಡಿಸ್ಕ್ ತಿರುಗೋ ಸದ್ದು, ಗುಂಯ್... ನಡುನಡುವೆ ಕರ್ರ್. ಎಲ್ಲ ಸರಿ ಇತ್ತು. ಲ್ಯಾಪ್‌ಟಾಪಿನಿಂದ ಪೆಟ್ಟಿಗೆಯನ್ನು ಕೂಗೋಕೆ ಬಿಟ್ಟ. ಇವರ ಕಸುಬಿನಲ್ಲಿ ಹಾಗೊಂದಿದೆ. ಸೆಕೆಂಡಿಗೊಮ್ಮೆ "ಇದ್ದೀಯಾ?" ಅಂತ ಕೇಳಬೇಕು, ಅದು "ಇದ್ದೀನಿ" ಅನ್ನಬೇಕು. ಪ್ರತಿ ಉತ್ತರಕ್ಕೂ ಒಂದೊಂದು ಸಾಲು ಬೀಳ್ತಾ ಹೋಗುತ್ತೆ.

ಇದ್ದೀನಿ. ಇದ್ದೀನಿ. ಇದ್ದೀನಿ.

ಒಂದೂಮುಕ್ಕಾಲು.

ಸಾಲು ನಿಂತಿತು.

ಅತ್ತಿಗೆ ಪಿಸುಗುಟ್ಟಿದಳು. "ನೋಡಿದೆಯಾ?"

"ಶ್..."

ಪೆಟ್ಟಿಗೆಯ ಡಿಸ್ಕ್ ಗುಂಯ್ ಅಂತಲೇ ಇದೆ. ಅದು ಸತ್ತಿಲ್ಲ. ಹಾಗಾದರೆ ದಾರಿಯಲ್ಲೇ ಏನೋ ಅಡ್ಡ ಇದೆ. ವೈಫೈ ಡಬ್ಬಿಯ ದೀಪ ಹುಚ್ಚು ಹಿಡಿದಂತೆ ಮಿಟುಕ್ತಾ ಇತ್ತು. ಡಬ್ಬಿಯ ಒಳಗಿನ ದಾಖಲೆ ತೆರೆದ. ಯಾವ ಫೋನ್ ಬಂತು, ಯಾವುದು ಹೋಯ್ತು, ಎಲ್ಲ ಅದರಲ್ಲಿ ಬರೆದಿರುತ್ತೆ. ಪರದೆ ತುಂಬ ಒಂದೇ ಸಾಲು, ಮತ್ತೆ ಮತ್ತೆ, ಓದೋಕೂ ಬಿಡದೆ ಮೇಲಕ್ಕೆ ಓಡ್ತಾ ಇದೆ.

ಅಣ್ಣನ ಫೋನ್ ಒಳಗೆ ಬರಲು ಕೇಳಿದೆ. ಬಿಡಲಿಲ್ಲ.
ಅಣ್ಣನ ಫೋನ್ ಒಳಗೆ ಬರಲು ಕೇಳಿದೆ. ಬಿಡಲಿಲ್ಲ.

ಒಂದು ಸೆಕೆಂಡಿಗೆ ನೂರಾರು ಸಲ. ಬಾಗಿಲಲ್ಲಿ ಒಬ್ಬ ಹಾಗೆ ಬಡಿದರೆ ಒಳಗಿನವರ ಮಾತು ಯಾರಿಗೆ ಕೇಳುತ್ತೆ? ಅದಕ್ಕೇ ಪೆಟ್ಟಿಗೆ ಸಿಗ್ತಾ ಇರಲಿಲ್ಲ. ಮನೆಯ ಪ್ರತಿ ಫೋನಿಗೂ ಡಬ್ಬಿಯ ಪಟ್ಟಿಯಲ್ಲಿ ಹೆಸರು ಕೊಟ್ಟವನು ಇವನೇ. ಅಣ್ಣನ ಫೋನ್ ಅಂತ ಬರೆದವನೂ ಇವನೇ.

ಇಕ್ಕಳ ತಿರುಗಿದ. "ಅತ್ತಿಗೆ... ಅಣ್ಣನ ಫೋನ್ ಯಾರ ಹತ್ತಿರ ಇದೆ?"

"ನನ್ನ ಬೀರುವಿನಲ್ಲಿ. ಯಾಕೆ?"

"ತಗೊಂಡು ಬನ್ನಿ."

ತಂದಳು. ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳ ಎದ್ದುಬಂದಿತ್ತು. ಇಕ್ಕಳ ಬ್ಯಾಟರಿ ಕಿತ್ತು ನೆಲದ ಮೇಲಿಟ್ಟ. ಅಂಗೈಯಲ್ಲಿ ಬರೀ ಖಾಲಿ ಫೋನು, ತಣ್ಣಗೆ.

ಪರದೆಯ ಮೇಲೆ ಸಾಲು ನಿಲ್ಲಲಿಲ್ಲ. ಕೇಳಿದೆ. ಬಿಡಲಿಲ್ಲ. ಕೇಳಿದೆ. ಬಿಡಲಿಲ್ಲ.

ಅತ್ತಿಗೆಗೆ ಇನ್ನೂ ತಿಳಿದಿರಲಿಲ್ಲ, ಆದರೆ ಅವನಿಗೆ ಗೊತ್ತಿತ್ತು. ಬಿಡಲಿಲ್ಲ ಅಂದರೆ, ಬಿಡಬೇಡ ಅಂತ ಹೇಳಿದವರು ಯಾರೋ ಇರಬೇಕಲ್ಲ. ಇವನೇ.

ಅಣ್ಣ ಹಾಸಿಗೆ ಹಿಡಿದ ಮೊದಲ ದಿನವೇ ಅತ್ತಿಗೆ ಇವನನ್ನು ಕರೆಸಿದ್ದಳು, ಮೇಲಿನ ರೂಮಿಗೆ ವೈಫೈ ಚೆನ್ನಾಗಿ ಸಿಗೋ ಹಾಗೆ ಮಾಡು ಅಂತ. ಬಂದ. ಮಾಡಿದ. ಅಣ್ಣನನ್ನು ನೋಡೋಕೆ ಮೆಟ್ಟಿಲು ಹತ್ತಲಿಲ್ಲ. ಮೇಲಿಂದ ಕೆಮ್ಮು ಕೇಳಿಸ್ತಿತ್ತು. "ಬಂದಿದಾನಾ?" ಅಂತ ಅಣ್ಣ ಕೇಳಿದ್ದೂ ಕೇಳಿಸಿತು. ಹೊರಡೋ ಮುಂಚೆ ಇಕ್ಕಳ ಹಲ್ಲು ಕಚ್ಚಿಕೊಂಡು ಪಟ್ಟಿಯಲ್ಲಿ ಆ ಒಂದು ಹೆಸರಿನ ಮೇಲೆ ಬೆರಳಿಟ್ಟು ತಡೆ ಹಾಕಿದ. ಅಮ್ಮನ ಮುಖ ನನಗೆ ಸಿಗಲಿಲ್ಲ, ನಿನಗೂ ಸಿಗದಿರಲಿ. ಅರ್ಧ ನಿಮಿಷದ ಕೆಲಸ. ಆಮೇಲೆ ಅಣ್ಣನ ಫೋನಿಗೆ ಪೆಟ್ಟಿಗೆ ಸಿಗ್ತಿಲ್ಲ ಅಂತ ಅತ್ತಿಗೆ ಎಷ್ಟು ಸಲ ಫೋನ್ ಮಾಡಿದರೂ ಒಂದೇ ಮಾತು, "ಪಾರ್ಟ್ ಬರಬೇಕು ಅತ್ತಿಗೆ, ಬಂದ ತಕ್ಷಣ ಬರ್ತೀನಿ." ಕೆಲಸ ಮಾಡೋಕೆ ಮನಸ್ಸಿಲ್ಲದಾಗ ಇವರೆಲ್ಲ ಹೇಳೋ ಮಾತು ಅದು. ನಮಗೂ ಹೇಳಿದ್ದಾರೆ, ನಾವೂ ನಂಬಿದ್ದೀವಿ.

ಈಗ ಆ ತಡೆ ತೆಗೆದ.

ಪರದೆ ನಿಂತಿತು. ವೈಫೈ ಡಬ್ಬಿಯ ದೀಪ ನಿಂತಿತು. ಕೊನೆಗೊಂದು ಸಾಲು ಬಂತು. ಅಣ್ಣನ ಫೋನ್ ಒಳಗೆ ಬಂದಿದೆ.

ಅದರ ಕೆಳಗೇ ಪೆಟ್ಟಿಗೆಯ ಉತ್ತರ. ಇದ್ದೀನಿ. ಇದ್ದೀನಿ.

ಬುದ್ಧಿ ಇದ್ದವನಾಗಿದ್ದರೆ ಅಲ್ಲೇ ಎದ್ದು ಹೋಗ್ತಿದ್ದ. ಇವನು ಟಿವಿ ಹಾಕಿದ. ಬಂದದ್ದೇ ಅದಕ್ಕಲ್ವಾ? "ಅಮ್ಮ" ಅಂತ ಹೆಸರಿದ್ದ ವಿಡಿಯೋ ಹುಡುಕಿ, ಸದ್ದು ಸಣ್ಣದು ಮಾಡಿ ಒತ್ತಿದ. ಇಪ್ಪತ್ತಾರು ನಿಮಿಷದ್ದು. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಅಮ್ಮ ದಿಂಬಿಗೊರಗಿ ಕೂತಿದ್ದಳು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇದ್ದಿರಬೇಕು, ಅಣ್ಣನೂ ಕಾಣಿಸ್ತಿದ್ದ, ಮಂಚದ ಅಂಚಿನಲ್ಲಿ. ಮೊದಲಿಗೆ ನೀರು ಕುಡಿಸಿದ. ಬೆವರು ಒರೆಸಿದ. ತುಂಬ ಹೊತ್ತು ಬರೀ ಉಸಿರಾಟದ ಸದ್ದು.

"ಚಿಕ್ಕೋನು ಬಂದನಾ?"

"ಬರ್ತಾನಮ್ಮ. ಮಾಡ್ತಿದೀನಿ, ಇರು."

"ಅವನಿಗೆ ಹೇಳೋದಿದೆ ಕಣೋ."

"ಅವನು ಬರೋದು ತಡವಾದರೆ ಇದಕ್ಕೆ ಹೇಳಮ್ಮ. ನಾನು ತೋರಿಸ್ತೀನಿ ಅವನಿಗೆ. ತಾಳು, ಇನ್ನೊಂದು ಸಲ ಮಾಡ್ತೀನಿ." ಅಣ್ಣ ಫೋನ್ ಸ್ಪೀಕರಿಗೆ ಹಾಕಿ ಅಮ್ಮನ ಕಿವಿ ಹತ್ತಿರ ಹಿಡಿದ.

ಟ್ರಿಣ್... ಅಂತ ಅರ್ಧ ರಿಂಗು. ಥಟ್ಟನೆ ಕಡಿದು, ಟೂಂ ಟೂಂ ಟೂಂ.

ಇಕ್ಕಳ ವಿಡಿಯೋ ನಿಲ್ಲಿಸಿದ. ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

ನಮಗೆ ನಿಮಗೆ ಅದು ಬಿಜಿ ಬಂದ ಸದ್ದು. ಆದರೆ ಇಕ್ಕಳ ಇದೇ ಕಸುಬಿನವನು. ಅರ್ಧ ರಿಂಗ್ ಹೊಡೆದು ಬಿಜಿ ಬಂದರೆ ಆ ಕಡೆಯವನು ಈ ನಂಬರನ್ನು ಬ್ಲಾಕ್ ಮಾಡಿದ್ದಾನೆ ಅಂತ ಅವನಿಗೆ ಗೊತ್ತು. ಅವನದೊಂದು ಅಭ್ಯಾಸ ಇತ್ತು. ಮೊಬೈಲ್ ಟವರ್ ಹತ್ತೋ ಕೆಲಸ ಸಿಕ್ಕ ದಿನ ಮನೆಯವರ ನಂಬರುಗಳನ್ನು ಬ್ಲಾಕ್ ಮಾಡಿಬಿಡೋದು. ಗಿರಾಕಿ ಕರೆ ಮಾತ್ರ ಬರಲಿ, ಮನೆಯವರು ಕಾಯ್ತಾರೆ ಅಂತ. ಕೆಳಗಿಳಿದ ಮೇಲೆ ತೆಗೀತಿದ್ದ. ಬ್ಲಾಕ್ ಮಾಡಿದ ನಂಬರಿಂದ ಸಾವಿರ ಸಲ ಮಾಡಿದರೂ ಅವನ ಫೋನಿನಲ್ಲಿ ಮಿಸ್ಡ್ ಕಾಲ್ ತೋರಿಸ್ತಿರಲಿಲ್ಲ.

ಜೇಬಿಂದ ಫೋನ್ ತೆಗೆದ. ಬ್ಲಾಕ್ ಮಾಡಿದವರ ಪಟ್ಟಿ ತೆರೆದ. ಅಮ್ಮ ಹೋದ ದಿನ ಟವರಿಂದ ಇಳಿದವನು ತೆಗೆಯೋಕೆ ಮರೆತ ಅಣ್ಣನ ನಂಬರ್ ಮೂರು ವರ್ಷದಿಂದ ಅಲ್ಲೇ ಕೂತಿತ್ತು.

ಅಷ್ಟರಲ್ಲಿ...

ಟೂಂ... ಟೂಂ... ಟೂಂ...

ಟಿವಿ ನಿಂತಿದೆ. ಅಮ್ಮನ ಮುಖ ಹಾಗೇ ನಿಂತಿದೆ. ಸದ್ದು ಮೇಲಿಂದ ಬರ್ತಿದೆ. ಬೀಗ ಹಾಕಿದ ರೂಮಿಂದ.

ಅತ್ತಿಗೆ ಮೇಲೆ ನೋಡಿದಳು. ಅವನೂ ನೋಡಿದ. ಮೂರು ಸಲ ಬಂತು, ನಿಂತಿತು. ಅವಳು ಹೆದರಿ ಕೂಗ್ತಾಳೆ ಅಂದುಕೊಂಡ. ಕೂಗಲಿಲ್ಲ. ನಿಧಾನವಾಗಿ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಲ್ಯಾಪ್‌ಟಾಪ್ ನೋಡಿದಳು. ಅಣ್ಣನ ಫೋನ್, ತಡೆ ಹಾಕಿದ ದಿನ, ತಡೆ ತೆಗೆದ ದಿನ. ಎರಡೂ ಅಚ್ಚಾಗಿ ಕಾಣ್ತಿತ್ತು.

"ಈ ತಾರೀಕು... ನೀನು ಮೇಲಿನ ರೂಮಿನ ವೈಫೈಗೆ ಅಂತ ಬಂದಿದ್ದೆಯಲ್ಲ, ಅದೇ ದಿನ."

ಅವನು ಲ್ಯಾಪ್‌ಟಾಪ್ ಮುಚ್ಚೋಕೆ ಕೈ ಚಾಚಿದ.

"ನೀನಾ?"

"ಅತ್ತಿಗೆ, ನನಗೆ ಗೊತ್ತಿರಲಿಲ್ಲ..."

"ನಲವತ್ತು ದಿನ ಕಣೋ." ಪಿಸುಮಾತೇ ಅದು. "ಆ ವಿಡಿಯೋನ ಫೋನಿಗೆ ತಗೊಂಡು ನಿನಗೆ ಕಳಿಸಬೇಕು ಅಂತ ನಲವತ್ತು ದಿನ ಒದ್ದಾಡಿದರು. ಸಿಗ್ತಿಲ್ಲ, ಸಿಗ್ತಿಲ್ಲ ಅಂತ. ನಾನು ಕಳಿಸ್ತೀನಿ ಕೊಡಿ ಅಂದೆ. ಬೇಡ, ನಾನೇ ಕಳಿಸ್ಬೇಕು, ಸುಳ್ಳುಗಾರ ಅನ್ನಿಸಿಕೊಂಡವನು ನಾನು ಅಂದರು. ಪೆಟ್ಟಿಗೆ ಕೆಟ್ಟಿರಬೇಕು ಅಂದೆ. ಏನಂದರು ಗೊತ್ತಾ? ಅವನು ಮಾಡಿದ ಕೆಲಸ ಕೆಡಲ್ಲ ಕಣೇ, ನನ್ನ ಬೆರಳೇ ಸ್ವಾಧೀನದಲ್ಲಿಲ್ಲ ಅಂದರು."

ಇಕ್ಕಳ ಅತ್ತ. ಯಾರ ಮುಂದೂ ಅಳದವನು, ಬಾಯಿಗೆ ಅಂಗೈ ಒತ್ತಿಕೊಂಡು ಅತ್ತ. "ಮಿಕ್ಕಿದ್ದು ನೋಡ್ತೀನಿ ಅತ್ತಿಗೆ. ಅಮ್ಮ ನನಗೆ ಏನು ಹೇಳಿದ್ದಾಳೋ... ಅದೊಂದು ನೋಡಿ ಹೋಗ್ಬಿಡ್ತೀನಿ."

ಅತ್ತಿಗೆ ಟಿವಿ ಆರಿಸಿದಳು. ಅವನ ಚೀಲ ಎತ್ತಿ ಹೊಸ್ತಿಲಾಚೆ ಇಟ್ಟಳು.

"ಬೇಕಾದರೆ ನಿಮ್ಮಣ್ಣನ್ನೇ ಕೇಳು. ನನ್ನ ಮನೆ ಬಾಗಿಲಿಗೆ ಬರಬೇಡ."

ಆಡಿದಂತೆ ನಡೆದುಕೊಂಡಳು. ಮಾರನೇ ದಿನವೇ ಬೇರೆ ಯಾರನ್ನೋ ಕರೆಸಿ ಪಾಸ್‌ವರ್ಡ್ ಎಲ್ಲ ಬದಲಾಯಿಸಿದಳು. ಹೊರಗಿಂದ ಯಾರೂ ಪೆಟ್ಟಿಗೆಗೆ ಹೋಗದ ಹಾಗೆ ಮಾಡಿಸಿದಳು. ಅವನು ಗೇಟಿನ ಹತ್ತಿರ ನಿಂತು ಬೇಡಿದ್ದನ್ನು ನಾವೆಲ್ಲ ನೋಡಿದ್ದೀವಿ. ಅವಳು ಕಿಟಕಿ ಕೂಡ ತೆಗೆಯಲಿಲ್ಲ. ತಪ್ಪು ಅಂತ ನಾನು ಹೇಳಲ್ಲ.

ಹೊಸಬನಿಗೆ ಒಂದು ಮಾತ್ರ ಗೊತ್ತಾಗಲಿಲ್ಲ. ಪೆಟ್ಟಿಗೆ ಹಿಂದಿನ ದಿನ ಯಾರು ಏನು ನೋಡಿದರು ಅಂತ ಬೆಳಿಗ್ಗೆ ಆರಕ್ಕೆ ಇಕ್ಕಳನ ಫೋನಿಗೆ ಒಂದು ವರದಿ ಕಳಿಸುತ್ತೆ. ಅವನು ಕೂರಿಸಿದ ಪೆಟ್ಟಿಗೆಗಳೆಲ್ಲ ಕಳಿಸ್ತವೆ. ಅದನ್ನು ನಿಲ್ಲಿಸೋದು ಯಾರಿಗೂ ಹೊಳೆದಿಲ್ಲ.

ಇದು ಸುಳ್ಳು ಅನ್ನೋರು ಹೋಗಿ ಅವನನ್ನೇ ಕೇಳಿ, ತೋರಿಸ್ತಾನೆ. ನನಗೂ ತೋರಿಸಿದ್ದಾನೆ. ಬ್ಯಾಟರಿ ಇಲ್ಲದ ಆ ಫೋನ್ ಇವತ್ತಿಗೂ ಅತ್ತಿಗೆಯ ಬೀರುವಿನಲ್ಲೇ ಇದೆ. ವರದಿಯಲ್ಲಿ ದಿನಾ ಒಂದೇ ಸಾಲು. ಈ ಬೆಳಿಗ್ಗೆಯದೂ ಅದೇ.

ಅಮ್ಮ. ಇಪ್ಪತ್ತಾರು ನಿಮಿಷ. ಅಣ್ಣನ ಫೋನ್. ಪೂರ್ತಿ ನೋಡಿ ಆಗಿದೆ.